ತಾರ್ಸಕ್ಕೆ ಹುಡುಕಿಕೊಂಡು ಹೋದ ಬಾರ್ನಬ

ಆತ್ಮೀಯ ಕೇಳುಗರಿಗೆ ವಂದನೆಗಳು.

ಯೆರೂಸಲೇಮಿನ ಶಿಷ್ಯರು, ಮುಂದೆ ಪೌಲನೆನಿಸಿಕೊಂಡ ಸೌಲನ ಹೆಸರು ಕೇಳಿದರೆ ಹೆದರುತ್ತಿದ್ದ ದಿನಗಳವು. ಮನೆಮನೆಗೆ ನುಗ್ಗಿ ವಿಶ್ವಾಸಿಗಳನ್ನು ಎಳೆದೊಯ್ದು ಸೆರೆಗೆ ಹಾಕಿಸಿದ ಮನುಷ್ಯನೇ ತಾನೂ ಕ್ರಿಸ್ತನ ಶಿಷ್ಯನೆಂದು ಬಂದು ನಿಂತರೆ ನಂಬುವವರು ಯಾರು? ಆಗ ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು, ಅವನ ಪರವಾಗಿ ಮಾತನಾಡಿದವನು ಕುಪ್ರದ್ವೀಪದ ಲೇವಿಯನಾದ ಬಾರ್ನಬ. ಮುಂದೆ ಅಂತಿಯೋಕ್ಯದಲ್ಲಿ ಗ್ರೀಕರೂ ಗುಂಪುಗುಂಪಾಗಿ ಕರ್ತನನ್ನು ನಂಬತೊಡಗಿದಾಗ, ಅವರನ್ನು ನೋಡಿಕೊಳ್ಳಲು ಯೆರೂಸಲೇಮಿನ ಸಭೆಯವರು ಕಳುಹಿಸಿದ್ದು ಇವನನ್ನೇ. ಕೆಲಸ ತನ್ನೊಬ್ಬನಿಂದ ಆಗುವಂಥದ್ದಲ್ಲವೆಂದು ಕಂಡುಕೊಂಡ ಬಾರ್ನಬನು ಸೌಲನನ್ನು ಹುಡುಕಿಕೊಂಡು ತಾನೇ ತಾರ್ಸಕ್ಕೆ ಹೋದನು. ಅವರಿಬ್ಬರೂ ಒಂದು ವರ್ಷ ಪೂರ್ತಿ ಅಂತಿಯೋಕ್ಯದ ಸಭೆಯೊಂದಿಗೆ ಇದ್ದು ಬಹು ಜನರಿಗೆ ಉಪದೇಶ ಮಾಡಿದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲೇ ಎಂಬುದನ್ನು ನಾವು ಆಗಾಗ ನೆನೆಯುತ್ತೇವೆ. ಅದಕ್ಕೆ ಹಿಂದೆ ಒಬ್ಬನು ಇನ್ನೊಬ್ಬನನ್ನು ಹುಡುಕಿಕೊಂಡು ಪ್ರಯಾಣ ಮಾಡಿದನೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಕರ್ತನು ಕೊಟ್ಟ ಅಪ್ಪಣೆಯನ್ನು ಗ್ರೀಕ್ ಮೂಲದಲ್ಲಿ ಓದಿದರೆ, ಅಲ್ಲಿ ಆಜ್ಞೆಯ ರೂಪದಲ್ಲಿರುವ ಕ್ರಿಯಾಪದ ಒಂದೇ, ಅದು ಶಿಷ್ಯರನ್ನಾಗಿ ಮಾಡಿರಿ ಎಂಬುದು. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಇವೆಲ್ಲ ಅದನ್ನು ಆಶ್ರಯಿಸಿಕೊಂಡಿವೆ. ಅಲ್ಲದೆ, ಆತನು ಆಜ್ಞಾಪಿಸಿದ್ದನ್ನು ತಿಳಿಸಬೇಕೆಂದಷ್ಟೇ ಅಲ್ಲಿ ಹೇಳಿಲ್ಲ, ಕೈಕೊಂಡು ನಡೆಯುವುದನ್ನು ಕಲಿಸಬೇಕೆಂದು ಹೇಳಿದೆ. ಕ್ಷಮಿಸಬೇಕು ಎಂಬುದನ್ನು ಪ್ರಸಂಗಪೀಠದಿಂದ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಬಹುದು. ಆದರೆ ಆಸ್ತಿಯ ಪಾಲಿನಲ್ಲಿ ಮೋಸ ಮಾಡಿದ ಅಣ್ಣನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯುವುದು ಹೇಗೆಂಬುದನ್ನು ಕಲಿಯಲು ಪಕ್ಕದಲ್ಲಿ ಕುಳಿತು ಕೇಳುವ, ಅಗತ್ಯಬಿದ್ದರೆ ಆ ಮನೆಯ ತನಕ ಜೊತೆಗೆ ನಡೆಯುವ ಒಬ್ಬ ಹಿರಿಯರು ಬೇಕು.

ನಮ್ಮ ನಾಡಿನಲ್ಲಿಯೂ ಇದು ನಡೆದಿದೆ. 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರನ್ನು ಕನ್ನಡಿಗರು 1843ರ 'ಮಂಗಳೂರ ಸಮಾಚಾರ' ಪತ್ರಿಕೆಗಾಗಿ ಸ್ಮರಿಸುತ್ತಾರೆ, ಅದು ಯೋಗ್ಯವೇ. ನಾನು ಅವರನ್ನು ಹೆಚ್ಚಾಗಿ ನೆನೆಯುವುದು ಅವರ ಶಿಷ್ಯರಾದ ಆನಂದರಾವ್ ಕೌಂಡಿನ್ಯರ ಕಾರಣದಿಂದ. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಈ ತರುಣರು ಮುಂದೆ ಬಾಸೆಲ್ಲಿಗೆ ಹೋಗಿ ದೇವಶಾಸ್ತ್ರವನ್ನು ಅಭ್ಯಾಸ ಮಾಡಿ, 1851ರಲ್ಲಿ ಬೋಧಕದೀಕ್ಷೆ ಪಡೆದು ಹಿಂದಿರುಗಿದರು. ಮಂಗಳೂರಿನ ಸೆಮಿನರಿಯಲ್ಲಿ ಅವರೇ ಇತರರಿಗೆ ಕಲಿಸಿದರು, ಕೊಡಗಿನ ಸೇವೆಯಲ್ಲಿಯೂ ಪಾಲುಗೊಂಡರು. ಕಲಿತವನು ಕಲಿಸುವವನಾಗುವ ಈ ಕ್ರಮವನ್ನೇ ಪೌಲನು ತನ್ನ ಶಿಷ್ಯನಾದ ತಿಮೊಥೆಯನಿಗೆ ಬರೆದನು: ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಬೋಧಿಸಲಿ ಎಂದು.

ಇಲ್ಲಿ ಒಂದು ಅಪಾಯವೂ ಉಂಟು, ಅದನ್ನು ಮರೆಮಾಚಬಾರದು. ಒಬ್ಬರು ಇನ್ನೊಬ್ಬರನ್ನು ಬೆಳೆಸುವಾಗ, ಬೆಳೆದವರು ಕ್ರಿಸ್ತನ ಶಿಷ್ಯರಾಗುವ ಬದಲು ಬೆಳೆಸಿದವರ ಹಿಂಬಾಲಕರಾಗಿಬಿಡಬಹುದು. ಕೊರಿಂಥದ ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಪಂಗಡಗಳು ಎದ್ದದ್ದು ಹೀಗೆಯೇ. ಆದುದರಿಂದ ವೈಯಕ್ತಿಕ ಮಾರ್ಗದರ್ಶನವು ಸ್ಥಳೀಯ ಸಭೆಯ ಒಳಗೇ, ಸಭಾಪಾಲಕರಿಗೆ ತಿಳಿದಿರುವಂತೆಯೇ ನಡೆಯಬೇಕು. ಎಫೆಸದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳು ಅಪೊಲ್ಲೋಸನ ಬೋಧನೆಯಲ್ಲಿ ಕೊರತೆಯನ್ನು ಕಂಡಾಗ ಸಭಾಮಂದಿರದಲ್ಲಿ ಎಲ್ಲರ ಮುಂದೆ ತಿದ್ದಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಅನಂತರ ಅವನು ಅಖಾಯಕ್ಕೆ ಹೊರಟಾಗ ಅಲ್ಲಿನ ಶಿಷ್ಯರಿಗೆ ಕಾಗದ ಬರೆದು ಒಪ್ಪಿಸಿದವರು ಸಹೋದರರೆಲ್ಲರೂ. ಬಾರ್ನಬನೂ ಹಾಗೆಯೇ ಬಿಟ್ಟುಕೊಟ್ಟನು. ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದಲ್ಲಿ, ಅಂತಿಯೋಕ್ಯದಿಂದ ಹೊರಡುವಾಗ ಬಾರ್ನಬ ಮತ್ತು ಸೌಲ ಎಂದಿದ್ದ ಹೆಸರುಗಳ ಕ್ರಮವು ಅದೇ ಅಧ್ಯಾಯ ಮುಗಿಯುವುದರೊಳಗೆ ಪೌಲ ಮತ್ತು ಬಾರ್ನಬ ಎಂದು ತಿರುಗುತ್ತದೆ. ಅದಕ್ಕೆ ಅವನು ನೊಂದುಕೊಂಡನೆಂದು ಎಲ್ಲಿಯೂ ಬರೆದಿಲ್ಲ.

ನಾನು ಚಿಕ್ಕವನಿದ್ದಾಗ, ವಿಶ್ವಾಸವನ್ನು ಸಭೆಯ ಮುಂದೆ ಸ್ವತಃ ಒಪ್ಪಿಕೊಳ್ಳುವ ದೃಢೀಕರಣ ಮುಗಿದ ಮೇಲೆ, ನಮ್ಮ ಸಭೆಯ ಹಿರಿಯರೊಬ್ಬರು ಪ್ರತಿ ಗುರುವಾರ ಸಂಜೆ ನನ್ನನ್ನು ಮನೆಗೆ ಕರೆದು, ಮಾರ್ಕನ ಸುವಾರ್ತೆಯನ್ನು ವಾರಕ್ಕೆ ಒಂದು ಅಧ್ಯಾಯದಂತೆ ಓದಿಸಿದರು. ಹದಿನಾರು ಅಧ್ಯಾಯಗಳಿಗೆ ನಾಲ್ಕು ತಿಂಗಳು ಸಾಕಾಯಿತು. ಓದಿದ ಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ವಾರ ಇದರಲ್ಲಿ ಯಾವುದನ್ನು ಮಾಡುತ್ತೀ? ಆಸ್ಪತ್ರೆಯಲ್ಲಿದ್ದ ಸಭೆಯವರನ್ನು ನೋಡಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಒಂದು ದಿನ ತಾವು ಸುಮ್ಮನಿದ್ದು, ನೀನು ಪ್ರಾರ್ಥನೆ ಮಾಡಪ್ಪ ಎಂದರು. ನಾನು ಹೇಳಿಕೊಂಡಿದ್ದ ತಪ್ಪುಗಳಲ್ಲಿ ಒಂದೂ ಅವರ ಬಾಯಿಂದ ಹೊರಗೆ ಹೋಗಲಿಲ್ಲ.

ಇಂದು ನಮ್ಮ ಊರುಗಳ ಸಭೆಗಳಲ್ಲಿ ದೃಢೀಕರಣ ಹೊಂದಿದ ಮಕ್ಕಳು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋಗುತ್ತಾರೆ. ಕ್ರಿಸ್ಮಸ್ಸಿಗೆ ಬಂದಾಗ ಕೈ ಕುಲುಕಿ ಕಳುಹಿಸುತ್ತೇವೆ. ಅವರಿಗೆ ಅಲ್ಲಿ ಒಂದು ಸಭೆಯನ್ನು ತೋರಿಸಿ, ಅಲ್ಲಿನ ಒಬ್ಬ ಹಿರಿಯರಿಗೆ ಮೊದಲೇ ಫೋನ್ ಮಾಡಿ ಒಪ್ಪಿಸಿದರೆ, ಎಫೆಸದ ಸಹೋದರರು ಬರೆದ ಕಾಗದದ ಕೆಲಸವನ್ನೇ ನಾವು ಮಾಡಿದಂತಾಗುತ್ತದೆ. ತರುಣಿಯರಿಗೆ ಸ್ತ್ರೀ ಸಂಘದ ಹಿರಿಯ ಸಹೋದರಿಯರು ಜೊತೆಯಾಗುವುದು ಉಚಿತ.

ಬಿಟ್ಟುಹೋದವರ ವಿಷಯವೊಂದು ಉಳಿಯಿತು. ಮಾರ್ಕನೆನಿಸಿಕೊಂಡ ಯೋಹಾನನು ಪಂಫುಲ್ಯದಲ್ಲಿ ಜೊತೆಗಾರರನ್ನು ಬಿಟ್ಟು ಹಿಂದಿರುಗಿದ್ದನು. ಅವನನ್ನು ಮತ್ತೆ ಕರೆದೊಯ್ಯಬಾರದೆಂದು ಪೌಲನು ಹಟ ಹಿಡಿದಾಗ, ಬಾರ್ನಬನು ಪೌಲನಿಂದಲೇ ಅಗಲಿ, ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದನು. ಆಮೇಲೆ ಬಾರ್ನಬನು ಏನು ಮಾಡಿದನೆಂದು ಅಪೊಸ್ತಲರ ಕೃತ್ಯಗಳು ಹೇಳುವುದಿಲ್ಲ. ಆದರೆ ಎಷ್ಟೋ ವರ್ಷಗಳ ನಂತರ, ಸೆರೆಯಲ್ಲಿದ್ದ ಪೌಲನು ತಿಮೊಥೆಯನಿಗೆ ಬರೆದ ಪತ್ರದಲ್ಲಿ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಲು ಹೇಳುವ ಮೊದಲು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯುಕ್ತನು ಎಂದು ಕೇಳಿಕೊಂಡಿದ್ದಾನೆ.