ಬಂದರು ಕಾಯಬೇಕಿದ್ದ ದೋಣಿಗಳು ಕರಾಚಿಗೆ ಹೋದವು

ಎಲ್ಲರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎನ್ನುವ ಯುದ್ಧನೌಕೆ ಇದೆಯಲ್ಲ, ನಿಮ್ಮಲ್ಲಿ ಬಹಳ ಜನ ಅದನ್ನು ಹತ್ತಿ ನೋಡಿರುತ್ತೀರಿ. 1971ರ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿ ಬಂದರಿಗೆ ಬೆಂಕಿ ಇಟ್ಟಿದ್ದು ಇದೇ ಹಡಗು ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ಅದರ ಅಕ್ಕಂದಿರು: ನಿಪಾತ್, ನಿರ್ಘಾತ್ ಮತ್ತು ವೀರ್. ಆ ದಾಳಿಯ ನೆನಪಿಗೇ ನಾವು ಡಿಸೆಂಬರ್ 4ನ್ನು ನೌಕಾ ದಿನ ಅಂತ ಆಚರಿಸುವುದು.

ಚಪಲ್ ನೋಡಿದವರಿಗೆ ಒಂದು ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಇದು ಚಿಕ್ಕದು. ಉದ್ದ ನಲವತ್ತು ಮೀಟರ್ ಕೂಡ ಇಲ್ಲ. ಸೋವಿಯತ್ ಒಕ್ಕೂಟದವರು ಇದನ್ನು ಕಟ್ಟಿದ್ದು ತಮ್ಮ ಬಂದರುಗಳನ್ನು ಕಾಯಲು. ಶತ್ರು ಹತ್ತಿರ ಬಂದಾಗ ಜೋರಾಗಿ ಓಡಿಹೋಗಿ ಕ್ಷಿಪಣಿ ಬಿಟ್ಟು ವಾಪಸ್ ಬರಬೇಕು, ಅಷ್ಟೇ ಅದರ ಕೆಲಸ. ನಾಲ್ಕು ಕ್ಷಿಪಣಿ, ಭಾರಿ ವೇಗ. ಆದರೆ ಇಂಧನ ಬೇಗ ಮುಗಿಯುತ್ತದೆ, ದೂರದ ಪ್ರಯಾಣಕ್ಕೆ ಆಗುವುದಿಲ್ಲ. ಇಂಥ ಎಂಟು ದೋಣಿಗಳು 1971ರಲ್ಲಿ ನಮಗೆ ಬಂದವು.

ಇವುಗಳ ಕ್ಷಿಪಣಿ ಯಾರಿಗೂ ಗುಟ್ಟಾಗಿರಲಿಲ್ಲ. 1967ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಪುಟ್ಟ ದೋಣಿಗಳು ಇದೇ ಕ್ಷಿಪಣಿಯಿಂದ ಇಸ್ರೇಲಿನ ಐಲಾತ್ ಎಂಬ ದೊಡ್ಡ ನೌಕೆಯನ್ನು ಮುಳುಗಿಸಿದ್ದವು. ಜಗತ್ತಿನ ನೌಕಾಪಡೆಗಳೆಲ್ಲ ಅದನ್ನು ನೋಡಿದ್ದವು, ಪಾಕಿಸ್ತಾನವೂ ನೋಡಿತ್ತು. ಹಾಗಾಗಿ ಹೊಸ ಆಯುಧದಿಂದ ಗೆದ್ದೆವು ಎಂದು ಸುಮ್ನೆ ಹೇಳಿಬಿಟ್ಟರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಐಲಾತ್ ಮುಳುಗಿದ್ದು ಈಜಿಪ್ಟಿನ ಬಂದರಿನ ಎದುರಿಗೇ. ಅದೇ ಜಾತಿಯ ದೋಣಿಗಳು ಅರಬ್ಬಿ ಸಮುದ್ರ ದಾಟಿ ಕರಾಚಿಯ ಬಾಗಿಲಿಗೆ ಬರುತ್ತವೆ ಎಂದು ಮಾತ್ರ ಅಲ್ಲಿ ಯಾರೂ ಎಣಿಸಿರಲಿಲ್ಲ.

ಈ ಯೋಚನೆಯ ಹಿಂದೆ ಒಂದು ಅವಮಾನವೂ ಇತ್ತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋಗಿದ್ದವು. ಹಾನಿ ಕಡಿಮೆ, ಆದರೆ ಮುಖಕ್ಕೆ ಹೊಡೆದ ಹಾಗಾಯಿತು. ಪೋರಬಂದರಿನ ಉತ್ತರಕ್ಕೆ ಹೋಗಬಾರದೆಂದು ಸರ್ಕಾರವೇ ಆಗ ನಮ್ಮ ನೌಕಾಪಡೆಯ ಕೈ ಕಟ್ಟಿತ್ತು. 1970ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಎಸ್.ಎಂ. ನಂದಾ ಇದನ್ನು ಮರೆತಿರಲಿಲ್ಲ. ಅವರು ಬೆಳೆದದ್ದೇ ಕರಾಚಿಯ ಮನೋರಾ ದ್ವೀಪದಲ್ಲಿ. ನೌಕಾಪಡೆಗೆ ಸೇರುವ ಮೊದಲು ಅದೇ ಬಂದರಿನಲ್ಲಿ ಕೆಲಸವನ್ನೂ ಮಾಡಿದ್ದರು. ಕರಾಚಿ ಬಂದರಿನ ಕೀಮಾರಿ ಎಂಬಲ್ಲಿ ತೈಲದ ಟ್ಯಾಂಕುಗಳು ಎಲ್ಲಿವೆ, ಅವಕ್ಕೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರದ ಅಡ್ಡಿ ಇದೆಯೇ ಎಂದು ಅವರು ಇಂದಿರಾ ಗಾಂಧಿಯವರನ್ನು ನೇರವಾಗಿ ಕೇಳಿದರು. ಯುದ್ಧ ಅಂದಮೇಲೆ ಯುದ್ಧವೇ ಅಲ್ಲವೇ ಎಂಬ ಅರ್ಥದ ಉತ್ತರ ಬಂತು. ನನ್ನ ಮಟ್ಟಿಗೆ ಕರಾಚಿ ದಾಳಿ ಶುರುವಾದದ್ದು ಆ ಕೋಣೆಯಲ್ಲಿ.

ಮುಂದಿನ ಪ್ರಶ್ನೆ ದೂರದ್ದು. ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. ರಷ್ಯಾದಿಂದ ಈ ದೋಣಿಗಳು ಬಂದದ್ದು ಸರಕು ಹಡಗುಗಳ ಮೇಲೆ. ಇಷ್ಟು ಭಾರ ಎತ್ತಿ ಇಳಿಸುವ ಕ್ರೇನ್ ಬೊಂಬಾಯಿಯಲ್ಲಿ ಇರಲಿಲ್ಲ, ಕಲ್ಕತ್ತಾದಲ್ಲಿತ್ತು. ಹಾಗಾಗಿ ಕಲ್ಕತ್ತಾದಲ್ಲಿ ಇಳಿಸಿ, ಬೇರೆ ಹಡಗುಗಳಿಗೆ ಹಗ್ಗ ಕಟ್ಟಿ, ಇಡೀ ಕರಾವಳಿ ಸುತ್ತಿಸಿ ಬೊಂಬಾಯಿಗೆ ಎಳೆದು ತಂದರು. ಕಲ್ಕತ್ತಾದಿಂದ ಬೊಂಬಾಯಿಗೆ ಎಳೆಯಬಹುದಾದರೆ ಕರಾಚಿಯ ಕಡೆಗೂ ಎಳೆಯಬಹುದು ತಾನೇ? ಕ್ರೇನ್ ಇಲ್ಲದ ಕಷ್ಟವೇ ಯೋಜನೆಗೆ ದಾರಿ ತೋರಿಸಿತು.

ಉಳಿದದ್ದೆಲ್ಲ ಲೆಕ್ಕಾಚಾರ. ದೋಣಿಗಳನ್ನು ಮೊದಲೇ ಸೌರಾಷ್ಟ್ರದ ತೀರಕ್ಕೆ ತಂದಿಟ್ಟರು. ಓಖಾ ಹತ್ತಿರ ಇಂಧನಕ್ಕೆ ಪೋಷಕ್ ಎಂಬ ಹಡಗು. ಜೊತೆಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ದೊಡ್ಡ ನೌಕೆಗಳು. ದೋಣಿ ಕೆಟ್ಟರೆ ಎಳೆದು ತರುವುದಕ್ಕೂ ಅವೇ. ಕಿಲ್ತಾನ್‌ನ ಕಮಾಂಡರ್ ಗೋಪಾಲ ರಾವ್. ಅವರ ಪೂರ್ತಿ ಹೆಸರಲ್ಲಿ ಕಾಸರಗೋಡು ಇದೆ, ಪಟ್ನಶೆಟ್ಟಿಯೂ ಇದೆ. ಮೂರು ಕ್ಷಿಪಣಿ ದೋಣಿಗಳ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್, ನಿಪಾತ್‌ನಲ್ಲಿದ್ದರು. ಇಬ್ಬರಿಗೂ ಮುಂದೆ ಮಹಾವೀರ ಚಕ್ರ ಸಿಕ್ಕಿತು.

ಡಿಸೆಂಬರ್ 4ರ ಹಗಲಿಡೀ ಈ ಗುಂಪು ಕರಾಚಿಯಿಂದ ಸುಮಾರು 460 ಕಿಲೋಮೀಟರ್ ದೂರದಲ್ಲೇ ಕಾದಿತ್ತು. ಅಷ್ಟು ದೂರಕ್ಕೆ ಪಾಕಿಸ್ತಾನದ ವಿಮಾನಗಳ ಕಣ್ಣು ತಲುಪುತ್ತಿರಲಿಲ್ಲ. ಕತ್ತಲಾದ ಮೇಲೆ ಓಟ. ರಾತ್ರಿಯಲ್ಲಿ ಹಡಗು ಹುಡುಕಿ ಹೊಡೆಯುವ ಶಕ್ತಿ ಅವರ ವಾಯುಪಡೆಗೆ ಕಡಿಮೆ ಎಂದು ನಮ್ಮವರಿಗೆ ಗೊತ್ತಿತ್ತು. ಬೆಳಗಾಗುವುದರೊಳಗೆ ಹೋಗಿ, ಹೊಡೆದು, ದೂರ ಬಂದಿರಬೇಕು. ಕದ್ದು ಕೇಳುವವರಿಗೆ ಅರ್ಥವಾಗದಿರಲಿ ಎಂದು ನಮ್ಮ ಹುಡುಗರು ರೇಡಿಯೋದಲ್ಲಿ ರಷ್ಯನ್ ಭಾಷೆ ಮಾತಾಡಿಕೊಂಡರು ಅಂತಲೂ ಹೇಳುತ್ತಾರೆ. ತರಬೇತಿ ಆದದ್ದು ಸೋವಿಯತ್ ಒಕ್ಕೂಟದಲ್ಲಿ, ಹಾಗಾಗಿ ಬರುತ್ತಿತ್ತು.

ರಾತ್ರಿ 10:45ರ ಸುಮಾರಿಗೆ ನಿರ್ಘಾತ್ ಮೊದಲ ಕ್ಷಿಪಣಿ ಬಿಟ್ಟಿತು. ಗುರಿ ಪಾಕಿಸ್ತಾನದ ಖೈಬರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಕಟ್ಟಿದ ಡೆಸ್ಟ್ರಾಯರ್ ಅದು, ಅಂದರೆ ದೊಡ್ಡ ಯುದ್ಧನೌಕೆ. ಅದರ ಫಿರಂಗಿ ಗುಂಡು ಹೋಗುವ ದೂರಕ್ಕಿಂತ ನಮ್ಮ ಕ್ಷಿಪಣಿ ಹೆಚ್ಚು ಕಡಿಮೆ ಎರಡು ಪಟ್ಟು ದೂರ ಹೋಗುತ್ತಿತ್ತು. ಆಕಾಶದಲ್ಲಿ ಬೆಳಕೊಂದು ಬರುತ್ತಿರುವುದನ್ನು ಖೈಬರ್‌ನವರು ನೋಡಿದರು. ಅದನ್ನು ವಿಮಾನ ಅಂದುಕೊಂಡರು! ವಿಮಾನಕ್ಕೆ ಹೊಡೆಯುವ ಬಂದೂಕುಗಳನ್ನು ಅದರತ್ತ ತಿರುಗಿಸಿದರು. ಪೆಟ್ಟು ಬಿದ್ದ ಮೇಲೂ ಶತ್ರು ವಿಮಾನ ದಾಳಿ ಮಾಡಿದೆ ಎಂದೇ ಸಂದೇಶ ಕಳಿಸಿದರು. ಆ ಗಡಿಬಿಡಿಯಲ್ಲಿ ತಾವಿದ್ದ ಜಾಗವನ್ನೂ ತಪ್ಪಾಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಎರಡನೇ ಕ್ಷಿಪಣಿ ಬಿತ್ತು. ಹಡಗು ಮುಳುಗಿತು, 222 ಜನ ಸತ್ತರು. ಜಾಗ ತಪ್ಪಾಗಿದ್ದರಿಂದ ನೆರವಿಗೆ ಬಂದವರು ಬದುಕುಳಿದವರನ್ನು ಹುಡುಕುವುದೇ ತಡವಾಯಿತು.

ವೀರ್ ದೋಣಿ ಮುಹಾಫಿಜ್ ಎಂಬ ಹಡಗನ್ನು ಮುಳುಗಿಸಿತು. ಸಮುದ್ರದಲ್ಲಿ ಇಟ್ಟ ಮೈನ್ ಎಂಬ ಸ್ಫೋಟಕಗಳನ್ನು ತೆಗೆಯುವ ಹಡಗು ಅದು. ನಿಪಾತ್ ಮದ್ದುಗುಂಡು ತುಂಬಿದ್ದ ವೀನಸ್ ಚಾಲೆಂಜರ್ ಎಂಬ ಸರಕು ಹಡಗನ್ನು ಹೊಡೆದು, ಕೀಮಾರಿಯ ಕಡೆಗೂ ಕ್ಷಿಪಣಿ ಬಿಟ್ಟಿತು. ನಮ್ಮ ಕಡೆ ಒಬ್ಬರೂ ಸಾಯಲಿಲ್ಲ. ಡಿಸೆಂಬರ್ 8ರ ರಾತ್ರಿ ಇನ್ನೊಮ್ಮೆ. ಈ ಸಲ ವಿನಾಶ್ ಒಂದೇ ದೋಣಿ, ಜೊತೆಗೆ ತಲ್ವಾರ್ ಮತ್ತು ತ್ರಿಶೂಲ್ ಎಂಬ ದೊಡ್ಡ ನೌಕೆಗಳು. ವಿನಾಶ್ ಇದ್ದ ನಾಲ್ಕೂ ಕ್ಷಿಪಣಿ ಬಿಟ್ಟು ಬಂತು. ಕೀಮಾರಿ ಮತ್ತೆ ಉರಿಯಿತು.

ಕೀಮಾರಿಗೆ ಮೊದಲು ಬೆಂಕಿ ಇಟ್ಟವರು ಯಾರು ಎಂಬ ಜಗಳ ಇವತ್ತಿಗೂ ಇದೆ. ಡಿಸೆಂಬರ್ 4ರ ಬೆಳಿಗ್ಗೆ ವಾಯುಪಡೆಯ ಹಂಟರ್ ವಿಮಾನಗಳೂ ಅಲ್ಲಿಗೆ ಹೋಗಿದ್ದವು. ನನಗೆ ಈ ಜಗಳದಲ್ಲಿ ಅಂಥ ಆಸಕ್ತಿ ಇಲ್ಲ. ಪಶ್ಚಿಮ ಪಾಕಿಸ್ತಾನದ ಒಂದೇ ದೊಡ್ಡ ಬಂದರಿನತ್ತ ಹೋಗಲು ವ್ಯಾಪಾರಿ ಹಡಗುಗಳು ಹೆದರಿದವು. ಲೆಕ್ಕಕ್ಕೆ ಬರುವುದು ಅದು.

ಹಾಗಾದರೆ ನಮ್ಮ ನೌಕಾಪಡೆ ಎಲ್ಲದರಲ್ಲೂ ಮುಂದಿತ್ತೇ? ಇಲ್ಲ. ಎರಡನೇ ದಾಳಿಯ ಮರುದಿನ, ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. ಹಂಗೋರ್ ಎಂಬ ಪಾಕಿಸ್ತಾನದ ಜಲಾಂತರ್ಗಾಮಿ ಅದನ್ನು ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ. ಹಂಗೋರ್ ಫ್ರಾನ್ಸಿನಲ್ಲಿ ಕಟ್ಟಿದ ಹೊಸ ಜಲಾಂತರ್ಗಾಮಿ. ಸೋನಾರ್ ಅಂದರೆ ಸದ್ದಿನಿಂದ ನೀರೊಳಗಿನ ಹಡಗುಗಳನ್ನು ಪತ್ತೆಹಚ್ಚುವ ಯಂತ್ರ; ಖುಕ್ರಿಯ ಸೋನಾರ್‌ಗಿಂತ ಹಂಗೋರ್‌ನ ಸೋನಾರ್‌ಗೆ ಜಾಸ್ತಿ ದೂರದ ಸದ್ದು ಕೇಳುತ್ತಿತ್ತು. ಈ ಕೊರತೆ ಮೊದಲೇ ಗೊತ್ತಿತ್ತು. ಸೋನಾರ್ ಸುಧಾರಿಸುವ ಒಂದು ಪ್ರಯೋಗಕ್ಕಾಗಿ ಆ ಹೊತ್ತಿನಲ್ಲಿ ಖುಕ್ರಿ ನಿಧಾನವಾಗಿ ಸಾಗುತ್ತಿತ್ತು. ಕ್ಷಿಪಣಿ ದೋಣಿಯ ಕೊರತೆ ನೋಡಿ ಕರಾಚಿಯ ಯೋಜನೆಯನ್ನೇ ಅದಕ್ಕೆ ತಕ್ಕಂತೆ ಹೆಣೆದಿದ್ದರು. ಖುಕ್ರಿಯ ಕೊರತೆಗೆ ಅಂಥ ಯೋಜನೆ ಸಿದ್ಧವಿರಲಿಲ್ಲ, ಆದರೂ ಜಲಾಂತರ್ಗಾಮಿಯನ್ನು ಹುಡುಕಲು ಅದನ್ನೇ ಕಳಿಸಬೇಕಾಯಿತು. ಬೇರೆ ಹಡಗುಗಳು ಅಷ್ಟು ಇರಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.