ಡೋಣಿ ದಂಡೆಯ ಜೋಳ, ಜವುಳು

ಕೇಳುಗರಿಗೆ ನಮಸ್ಕಾರ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂಬ ಮಾತನ್ನು ವಿಜಯಪುರದ ಕಡೆ ಕೇಳದವರಿಲ್ಲ. ಅದೇ ಡೋಣಿ ಹೊಳೆ ಉಕ್ಕಿದ ವರ್ಷ ದಂಡೆಯ ಬೆಳೆ ನಿಂತಲ್ಲೇ ಕೊಳೆಯುವುದೂ ಉಂಟು. ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಕಾರಣ ಒಂದೇ, ಎರೆ ಎಂಬ ಜಿಗುಟಾದ ಕಪ್ಪು ಮಣ್ಣು.

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟುವ ಈ ಹೊಳೆ ಸಾರವಾಡ, ತಾಳಿಕೋಟೆ ದಾಟಿ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ತಾಳಿಕೋಟೆ ಎಂದಕೂಡಲೇ 1565ರ ಯುದ್ಧ ನೆನಪಾಗುತ್ತದೆ. ಕಾದಾಟ ನಡೆದದ್ದು ಮಾತ್ರ ಡೋಣಿ ದಂಡೆಯಲ್ಲಲ್ಲ, ಕೃಷ್ಣೆಯ ಹತ್ತಿರ.

ಎರೆ ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಬಿರಿಯುತ್ತದೆ. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಆಮೇಲೆ ಮಳೆ ಅಷ್ಟಕ್ಕಷ್ಟೇ; ಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟಬೇಕು. ಅದಕ್ಕೇ ಜೂನ್-ಜುಲೈನಲ್ಲಿ ಮಳೆನೀರು ಅಲ್ಲೇ ಇಂಗುವಂತೆ ಹೊಲವನ್ನು ಚೌಕುಮಡಿಗಳಾಗಿ, ಅಂದರೆ ಸುತ್ತ ಬದುವಿರುವ ಚೌಕಗಳಾಗಿ ಕಟ್ಟುತ್ತಾರೆ. ಇಳಿಜಾರು ಕಡಿಮೆಯಿದ್ದರೆ ಮಡಿಯ ಬದಿ ಸುಮಾರು 15 ಅಡಿ, ಹೆಚ್ಚಿದ್ದರೆ 10 ಅಡಿ. ಎಕರೆಗೆ 3 ಕಿಲೋ ಬೀಜ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಸಾಕು. ತೇವ ಕಡಿಮೆಯಿದ್ದಾಗ ಬೀಜ ಹೆಚ್ಚು ಸುರಿದರೆ ಸೊಪ್ಪೆ ಬಂದೀತು, ಕಾಳು ಬಾರದು. ಸಾಲುಗಳ ನಡುವೆ ಮಣ್ಣು ಸಡಿಲಿಸುವ ಎಡೆಕುಂಟೆಯನ್ನು ಮೂರು-ನಾಲ್ಕು ಸಲ ಹೊಡೆಯಬೇಕು. ಕಳೆಗಿಂತ ಮುಖ್ಯ ಬಿರುಕು ಮುಚ್ಚುವುದು. ಬಿರುಕು ಬಾಯಿಬಿಟ್ಟರೆ ಒಳಗಿನ ತೇವ ಆವಿಯಾಗುತ್ತದೆ, ಬೇರೂ ಹರಿಯುತ್ತದೆ.

ಇನ್ನು ಹೊಳೆಯ ಪಾಡು. ಬದುವಿಲ್ಲದ ಹೊಲದಿಂದ ಕೊಚ್ಚಿಬಂದ ಎರೆ ತಳಕ್ಕೆ ಕೂರುತ್ತದೆ. ಅದರ ಮೇಲೆ ಬಳ್ಳಾರಿ ಜಾಲಿ ಬೇರೂರಿ ಮತ್ತಷ್ಟು ಹೂಳನ್ನು ತಡೆದು ನಿಲ್ಲಿಸುತ್ತದೆ. ಪಾತ್ರ ಮೇಲೆದ್ದಂತೆ ನೀರು ಹೊಲಕ್ಕೆ ನುಗ್ಗುತ್ತದೆ. ತಾಳಿಕೋಟೆ ಹತ್ತಿರದ ಕೆಳಮಟ್ಟದ ಸೇತುವೆ ಮುಳುಗಿದಾಗಲೆಲ್ಲ ಆಚೆ ಹಳ್ಳಿಯವರಿಗೆ ಸುತ್ತುದಾರಿಯೇ ಗತಿ. ಹೊಲದಲ್ಲಿ ನಿಂತ ನೀರು ಜಿಗುಟು ಮಣ್ಣಿನಲ್ಲಿ ಬಸಿಯದೆ ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಡೋಣಿ ನೀರಿನಲ್ಲೇ ಉಪ್ಪಿನಂಶವಿದೆ. ಹೀಗೆ ಉಪ್ಪು ಕೂತು ಕೆಟ್ಟ ನೆಲವೇ ಜವುಳು. ಕ್ಷಾರದ ನೆಲಕ್ಕೆ ಜಿಪ್ಸಂ ಹಾಕುತ್ತಾರೆ, ಸರಿ. ಆದರೆ ಬಸಿಗಾಲುವೆ ತೆಗೆಯದೆ ಹಾಕಿದರೆ ದುಡ್ಡು ದಂಡ: ಕರಗಿದ ಉಪ್ಪು ಹೊರಹೋಗಲು ದಾರಿಯೇ ಇರುವುದಿಲ್ಲ.

ಹೂಳೆತ್ತುವಾಗ ಜಾಲಿಯನ್ನು ಬೇರುಸಮೇತ ಕೀಳಬೇಕು. ಕಡಿದಷ್ಟೇ ಆದರೆ ಮತ್ತೆ ಚಿಗುರುತ್ತದೆ. ಎತ್ತಿದ ಮಣ್ಣನ್ನು ದಂಡೆಯ ಮೇಲೆ ಗುಡ್ಡೆ ಹಾಕಿದರೆ ಮೊದಲ ದೊಡ್ಡ ಮಳೆಗೇ ಹೊಳೆಗೆ ವಾಪಸ್. ತೆಳುಮಣ್ಣಿನ ಹೊಲಕ್ಕೆ ಹೇರಬಹುದು, ಆದರೆ ಮೊದಲ ಗಾಡಿ ತುಂಬುವ ಮುಂಚೆಯೇ ಅದರ ಉಪ್ಪನ್ನು ಪರೀಕ್ಷೆ ಮಾಡಿಸಿ.