ಥ್ಯಾಡಿಯಸ್ ಸ್ಟೀವನ್ಸ್ ಅನ್ನೋ ಸಿಡುಕು ಲಾಯರ್

ನಮಸ್ಕಾರ ಕೇಳುಗರೇ. ಅಮೆರಿಕದಲ್ಲಿ ಗುಲಾಮಗಿರಿ ಹೋಗಿದ್ದು ಯಾರಿಂದ ಅಂದ್ರೆ ಎಲ್ರೂ ಲಿಂಕನ್ ಅಂತಾರೆ, ತಪ್ಪೇನಿಲ್ಲ, ಆದ್ರೆ ಆ ಲಿಂಕನ್ ಬೆನ್ನಿಗೇ ಬಿದ್ದು ಇನ್ನೂ ಬೇಗ, ಇನ್ನೂ ಬೇಗ ಅಂತ ಕಾಟ ಕೊಡ್ತಿದ್ದ ಲಾಯರ್ ಒಬ್ರಿದ್ರು, ಥ್ಯಾಡಿಯಸ್ ಸ್ಟೀವನ್ಸ್ ಅಂತ.

1792ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದ್ರು. ಹುಟ್ಟಿದಾಗಿಂದ ಒಂದು ಪಾದ ಸೊಟ್ಟ, ಮನೇಲಿ ಬಡತನ, ಅಪ್ಪ ಬಿಟ್ಟುಹೋದ, ಅಮ್ಮ ದುಡಿದು ಓದಿಸಿದ್ರು. ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಬಂದು ಗೆಟಿಸ್‌ಬರ್ಗ್‌ನಲ್ಲಿ ವಕೀಲಿಕೆ ಶುರು ಮಾಡಿದ್ರು.

ಈಗ ಕೇಳಿ. 1821ರಲ್ಲಿ ಚಾರಿಟಿ ಬಟ್ಲರ್ ಅನ್ನೋ ಗುಲಾಮ ಹೆಂಗಸು ನನಗೆ ಬಿಡುಗಡೆ ಬೇಕು ಅಂತ ಕೋರ್ಟಿಗೆ ಬಂದ್ಲು. ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿದ್ರೆ ಗುಲಾಮರು ಸ್ವತಂತ್ರರು ಅಂತ ಕಾನೂನಿತ್ತು. ಇವರು ನಿಂತಿದ್ದು ಯಾರ ಕಡೆಗೆ ಅಂದ್ರೆ ಯಜಮಾನನ ಕಡೆಗೆ! ಆಗೊಮ್ಮೆ ಈಗೊಮ್ಮೆ ಬಂದಿದ್ದನ್ನೆಲ್ಲ ಕೂಡಿಸಿ ಆರು ತಿಂಗಳು ಅನ್ನೋಕಾಗಲ್ಲ, ಒಟ್ಟಿಗೇ ಇರ್ಬೇಕು ಅಂತ ವಾದಿಸಿ ಗೆದ್ದುಬಿಟ್ರು. ಚಾರಿಟಿ ಮಕ್ಕಳ ಸಮೇತ ಮತ್ತೆ ಗುಲಾಮಗಿರಿಗೆ ಹೋದ್ಲು. ಜಾಣತನದ ವಾದ, ನಾನಂತೂ ಅದನ್ನ ಕ್ಷಮಿಸಲ್ಲ.

ಅದೇ ಮನುಷ್ಯ 1851ರಲ್ಲಿ ಎಲ್ಲಿದ್ರು ಗೊತ್ತಾ? ಕ್ರಿಸ್ಟಿಯಾನಾ ಅನ್ನೋ ಊರಿಗೆ ಮೇರಿಲ್ಯಾಂಡಿನ ಯಜಮಾನನೊಬ್ಬ ಓಡಿಹೋದ ತನ್ನ ಗುಲಾಮರನ್ನ ಹಿಡಿಯೋಕೆ ಬಂದ, ಗಲಾಟೆಯಲ್ಲಿ ಸತ್ತ. ಸರ್ಕಾರ ಹತ್ತಾರು ಜನರ ಮೇಲೆ ದೇಶದ್ರೋಹದ ಕೇಸ್ ಹಾಕ್ತು. ಸ್ಟೀವನ್ಸ್ ಈ ಸಲ ಆರೋಪಿಗಳ ಪರ. ಮೊದಲ ಆರೋಪಿ ಹ್ಯಾನ್ವೇಯನ್ನ ಜ್ಯೂರಿ ಹತ್ತು ಹದಿನೈದು ನಿಮಿಷದಲ್ಲೇ ಬಿಟ್ಟುಬಿಡ್ತು, ಕೇಸೇ ಮುರಿದುಬಿತ್ತು.

ಅಷ್ಟೊತ್ತಿಗೆ ಅಮೆರಿಕನ್ ಕಾಂಗ್ರೆಸ್ಸಿಗೂ, ಅಂದ್ರೆ ಅಲ್ಲಿನ ಪಾರ್ಲಿಮೆಂಟಿಗೂ ಹೋಗಿದ್ರು. ನಾಲಿಗೆ ಕತ್ತಿ! ಯಾರೋ ಅಭಿಮಾನಿ ಹೆಂಗಸು ನೆನಪಿಗೊಂದು ಕೂದಲು ಕೊಡಿ ಅಂದ್ರೆ ತಲೆ ಮೇಲಿದ್ದ ವಿಗ್ಗನ್ನೇ ತೆಗೆದು ಮುಂದೆ ಹಿಡಿದ್ರು ಅಂತ ಕಥೆ ಇದೆ. ಗುಲಾಮಗಿರಿ ವಿಚಾರಕ್ಕೆ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ಬಂದಾಗ ಖಜಾನೆ ವಿಚಾರ ನೋಡೋ ಕಮಿಟಿಯ ಅಧ್ಯಕ್ಷ ಇವರೇ, ಸೈನ್ಯಕ್ಕೆ ದುಡ್ಡು ಹೊಂದಿಸಿದ್ದೂ ಇವರೇ. 1863ರಲ್ಲಿ ದಕ್ಷಿಣದ ಸೈನಿಕರು ಬಂದು ಇವರ ಕೆಲೆಡೋನಿಯಾ ಕಬ್ಬಿಣದ ಕಾರ್ಖಾನೆಗೆ ಬೆಂಕಿ ಹಚ್ಚಿದ್ರು, ಗುಲಾಮಗಿರಿ ಪೂರ್ತಿ ಅಳಿಯೋದಾದ್ರೆ ಇದು ಅಗ್ಗದ ವ್ಯಾಪಾರ ಅನ್ನೋ ಅರ್ಥದಲ್ಲಿ ಬರೆದ್ರಂತೆ.

ಗುಲಾಮಗಿರಿ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ, ಸಮಾನ ರಕ್ಷಣೆ ಕೊಟ್ಟ 14ನೇ ತಿದ್ದುಪಡಿ, ಎರಡರ ಹಿಂದೆಯೂ ಈ ಮನುಷ್ಯ. 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಮೇಲೆ ಮಹಾಭಿಯೋಗ, ಅಂದ್ರೆ ಅಧಿಕಾರದಿಂದ ಇಳಿಸೋ ವಿಚಾರಣೆ ತಂದ್ರು, ಸೆನೆಟ್ಟಲ್ಲಿ ಒಂದೇ ಓಟಿನಲ್ಲಿ ತಪ್ಪಿಹೋಯ್ತು. ಆಗ ನಡೆಯೋಕೂ ಆಗ್ತಿರಲಿಲ್ಲ, ಕುರ್ಚಿಯಲ್ಲಿ ಹೊತ್ಕೊಂಡು ಬರ್ತಿದ್ರು. ಅದೇ ಆಗಸ್ಟಲ್ಲಿ ತೀರಿಕೊಂಡ್ರು. ಬಿಳಿಯರಿಗೆ ಮಾತ್ರ ಜಾಗ ಕೊಡೋ ಸ್ಮಶಾನ ಬೇಡ ಅಂತ ಲ್ಯಾಂಕಾಸ್ಟರಿನಲ್ಲಿ ಎಲ್ಲರಿಗೂ ತೆರೆದಿದ್ದ ಚಿಕ್ಕ ಸ್ಮಶಾನವನ್ನೇ ಆರಿಸ್ಕೊಂಡಿದ್ರು. ಪಾರ್ಟಿಯವರೋ, ಮುಂದಿನ ಎಲೆಕ್ಷನ್ನಿಗೂ ಗೌರವಕ್ಕೆ ಅಂತ ಅವರ ಹೆಸರನ್ನೇ ನಾಮಿನೇಟ್ ಮಾಡಿದ್ರು, ಸತ್ತಿದ್ದಾರೆ ಅಂತ ಗೊತ್ತಿದ್ದೂ!